ಆರು ತಂತಿಗಳ ಸರದಿ

ಬಸವಕಲ್ಯಾಣದಿಂದ ಸಸ್ತಾಪುರ ಬಂಗ್ಲೆಗೆ ಬಂದು ಹೆದ್ದಾರಿ ಹಿಡಿದು ಹುಮನಾಬಾದಿನತ್ತ ತಿರುಗಿದರೆ ಎದುರಾಗುವ ಲಾರಿಗಳಲ್ಲಿ ಬಹುಪಾಲು ಡೀಸೆಲಿನವು. ಡೀಸೆಲ್ ಎಂಜಿನ್ನು ಗಾಳಿಯನ್ನು ಒತ್ತಿ, ಆ ಕಾವಿನಿಂದಲೇ ಎಣ್ಣೆಯನ್ನುರಿಸುತ್ತದೆ. ಅದಕ್ಕೆ ಕಿಡಿಯ ಹಂಗಿಲ್ಲ. 1954ರಲ್ಲಿ ಟಾಟಾ ಸಂಸ್ಥೆಯು ಡೈಮ್ಲರ್-ಬೆಂಜ್ ಸಹಯೋಗದಿಂದ ಜಂಷೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. ಅದಕ್ಕೆ ಮುನ್ನ, ಬೀದರವು ಹೈದರಾಬಾದು ಸಂಸ್ಥಾನದಲ್ಲಿದ್ದ ಕಾಲಕ್ಕೆ, ನಮ್ಮ ದೇಶದ ರಸ್ತೆಗಳಲ್ಲಿ ಷೆವ್ರೊಲೆ, ಫೋರ್ಡ್, ಡಾಜ್‌ಗಳಂತಹ ಪೆಟ್ರೋಲ್ ಲಾರಿಗಳ ಸದ್ದೇ ಹೆಚ್ಚಾಗಿತ್ತು. ಅಂತಹದೊಂದನ್ನು ಕೊಟ್ಟಿಗೆಯಿಂದ ಹೊರಗೆಳೆದು ಮತ್ತೆ ಓಡಿಸಬಯಸುವವರು ಮೊದಲು ಸೋಲುವುದು ಆರು ಕಪ್ಪು ತಂತಿಗಳಿಗೆ.

ಗ್ಯಾರೇಜಿನವರು ಡೆಲ್ಕೊ ಎಂದು ಕರೆಯುವ ಡಿಸ್ಟ್ರಿಬ್ಯೂಟರು ಈ ತಂತಿಗಳ ಮೂಲಕ ಒಂದೊಂದು ಪ್ಲಗ್ಗಿಗೂ ಕಿಡಿಯನ್ನು ಹಂಚುತ್ತದೆ. ನಿಮಿಷಕ್ಕೆ 2000 ಸುತ್ತು ತಿರುಗುವ ಆರು ಸಿಲಿಂಡರಿನ ಎಂಜಿನ್ನಿಗೆ ಸೆಕೆಂಡಿಗೆ ನೂರು ಕಿಡಿ ಬೇಕು. ಹಂಚುವ ಸರದಿ 1-5-3-6-2-4. ದಾಯಭಾಗದ ಸರದಿಯನ್ನು ವಿಜ್ಞಾನೇಶ್ವರನು ‘ಮಿತಾಕ್ಷರ’ದಲ್ಲಿ ನಿರ್ಣಯಿಸಿದ್ದು ಇದೇ ಕಲ್ಯಾಣದಲ್ಲಿ, ಅಲ್ಲಿ ತಕರಾರಿಗೆ ಎಡೆಯುಂಟು, ಎಂಜಿನ್ನಿನಲ್ಲಿಲ್ಲ.

ಎಣಿಕೆ ಬಲ್ಲವನೂ ಮೋಸಹೋಗುವ ಸ್ಥಳವೊಂದಿದೆ. ಒಂದನೆಯ ಮತ್ತು ಆರನೆಯ ಪಿಸ್ಟನ್ನುಗಳು ಜೊತೆಯಾಗಿಯೇ ಮೇಲೇರುತ್ತವೆ. ಒಂದು ಮಿಶ್ರಣವನ್ನು ಒತ್ತುತ್ತಿದ್ದರೆ ಇನ್ನೊಂದು ಹೊಗೆಯನ್ನು ಹೊರದೂಡುತ್ತಿರುತ್ತದೆ. ಪಿಸ್ಟನ್ನು ಮೇಲಕ್ಕೆ ಬಂದಿತೆಂಬುದನ್ನಷ್ಟೇ ನಂಬಿ ಒಂದನೆಯ ತಂತಿಯನ್ನು ಕೂರಿಸಿದರೆ ಆರೂ ತಂತಿಗಳು ತಪ್ಪುತ್ತವೆ. ಕಿಡಿ ಬಿದ್ದಾಗ ತೆರೆಯತೊಡಗಿದ್ದ ಕವಾಟದಿಂದ ಜ್ವಾಲೆ ಕಾರ್ಬುರೇಟರಿನ ಬಾಯಿಗೆ ಚಿಮ್ಮುತ್ತದೆ. ಪಕ್ಕದಲ್ಲಿ ಬಗ್ಗಿ ನಿಂತ ಕ್ಲೀನರಿನ ಹುಬ್ಬು ಸುಡುವುದು ಹೀಗೆಯೇ. ಪೆಟ್ರೋಲು ಸೋರುತ್ತಿದ್ದರೆ ಲಾರಿಯೂ ಉಳಿಯದು. ಆದುದರಿಂದ ಒಂದನೆಯ ಪ್ಲಗ್ಗನ್ನು ಬಿಚ್ಚಿ, ರಂಧ್ರಕ್ಕೆ ಹೆಬ್ಬೆರಳನ್ನೊತ್ತಿ, ಕೈಯಿಂದ ಮೆಲ್ಲನೆ ಎಂಜಿನ್ನು ತಿರುಗಿಸಬೇಕು. ಗಾಳಿ ಬೆರಳನ್ನು ದೂಡುತ್ತಿರುವಾಗ ಪಿಸ್ಟನ್ನು ತುದಿ ಮುಟ್ಟಿದರೆ ಅದೇ ಸರಿಯಾದ ಗಳಿಗೆ. ಆಗ ರೋಟರು ನೋಡುತ್ತಿರುವ ಮನೆಯೇ ಒಂದನೆಯದು. ಉಳಿದವು ಅದು ತಿರುಗುವ ದಿಕ್ಕಿಗೆ. ಮೊದಲೇ ಸರಿಯಾಗಿ ಓಡುತ್ತಿದ್ದ ಗಾಡಿಯಾದರೆ ಒಂದೊಂದೇ ತಂತಿಯನ್ನು ತೆಗೆದು ಹೊಸದನ್ನು ಹಾಕುವುದು ಲೇಸು.

ಇನ್ನು ಹಾಯಿಸುವ ಬಗೆ. ತಂತಿಗಳನ್ನೆಲ್ಲ ಒಂದೇ ಕಟ್ಟಾಗಿ ಬಿಗಿದರೆ ನೋಟಕ್ಕೆ ಅಂದ, ಎಂಜಿನ್ನಿಗೆ ಅಪಾಯ. ಐದರ ಬೆನ್ನಿಗೇ ಮೂರರ ಸರದಿ. ಆ ಎರಡು ತಂತಿಗಳು ಬಹುದೂರ ಅಂಟಿಕೊಂಡು ಸಾಗಿದರೆ ಐದರ ವಿದ್ಯುತ್ತು ಮೂರರಲ್ಲಿಯೂ ಕಿಡಿ ಎಬ್ಬಿಸಬಲ್ಲದು. ಆಗಿನ್ನೂ ಮೇಲೇರುತ್ತಿರುವ ಪಿಸ್ಟನ್ನಿನ ನೆತ್ತಿಯ ಮೇಲೆ ಸ್ಫೋಟವಾಗುತ್ತದೆ. ಆದ್ದರಿಂದ ತಂತಿಗಳನ್ನು ಬಿಡಿಬಿಡಿಯಾಗಿ ಹಿಡಿಕೆಗಳಲ್ಲಿ ಕೂರಿಸಿ, ಹೊಗೆಯ ಕಾದ ಕೊಳವೆಯಿಂದ ದೂರವಿರಿಸಿ, ಎಂಜಿನ್ನು ಅಲುಗಾಡಿದಾಗ ಸೆಳೆಯದಷ್ಟು ಸಡಿಲ ಬಿಡಬೇಕು.

ಖಾಲಿ ಗಾಡಿ ನೆಟ್ಟಗೆ ಓಡಿ, ತೊಗರಿ ಮೂಟೆ ಹೇರಿದೊಡನೆ ಏರಿನಲ್ಲಿ ಮಿಸ್ಸಿಂಗ್ ಹೊಡೆದರೆ ಕಾರ್ಬುರೇಟರಿಗೆ ಹಣ ಸುರಿಯುವವರೇ ಬಹಳ. ಭಾರ ಎಳೆಯುವಾಗ ಸಿಲಿಂಡರಿನ ಒತ್ತಡ ಏರಿ, ಕಿಡಿಗೆ ಹೆಚ್ಚು ವೋಲ್ಟು ಬೇಕಾಗುತ್ತದೆ. ಬಿರಿದ ರಬ್ಬರಿನಿಂದ ಅದು ಸೋರಿ ಕಬ್ಬಿಣಕ್ಕೆ ಹಾರುತ್ತದೆ. ಕತ್ತಲಾದ ಮೇಲೆ, ಪೆಟ್ರೋಲಿನ ಸೋರಿಕೆ ಇಲ್ಲವೆಂದು ನೋಡಿಕೊಂಡು, ಎಂಜಿನ್ನನ್ನು ಓಡಲು ಬಿಟ್ಟು ಬಾನೆಟ್ಟನ್ನೆತ್ತಬೇಕು. ದೀಪ ಬೇಡ, ಕೈಯನ್ನೂ ಚಾಚಬಾರದು. ಎಲ್ಲಿ ನೀಲಿ ಎಳೆ ಮಿನುಗುವುದೋ ಆ ತಂತಿಯೇ ಕೆಟ್ಟದ್ದು.