ಐದು ಕುದುರೆಯ ಕೆಲಸಕ್ಕೆ ಐನೂರು ಕುದುರೆ

ಈಚೆಗೆ ಚಿತ್ತಾಪುರ ಸೀಮೆಯ ಒಂದು ಕಾಲೇಜಿನಲ್ಲಿ ನಡೆದ ಚರ್ಚಾಕೂಟವನ್ನು ಕೇಳುವ ಅವಕಾಶ ನಮಗೆ ಒದಗಿತು. ಹಣ ಕೂಡಿಬಂದ ಪಕ್ಷದಲ್ಲಿ ಕೊಳ್ಳತಕ್ಕದ್ದು ಯಾವ ಕಾರು? ಬಾಣದಂತೆ ಹಾರುವ ಐಷಾರಾಮಿ ಕಾರೋ, ಕಡಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಸಾಗುವ ಹೈಬ್ರಿಡ್ ಕಾರೋ? ಇದು ಅಂದಿನ ವಿಷಯ. ವೇಗದ ಪಕ್ಷವನ್ನು ಹಿಡಿದಿದ್ದ ತರುಣನು ಒಂದೇ ಪ್ರಶ್ನೆಯಿಂದ ಸಭೆಯನ್ನು ಗೆದ್ದುಕೊಂಡನು: "ಮಿತವ್ಯಯದ ಕಾರಿನ ಚಿತ್ರವನ್ನು ತನ್ನ ಕೋಣೆಯ ಗೋಡೆಗೆ ಅಂಟಿಸಿಕೊಂಡವರು ಇಲ್ಲಿ ಯಾರಾದರೂ ಇದ್ದಾರೆಯೆ?" ಚಪ್ಪಾಳೆಯ ಸದ್ದಿನಲ್ಲಿ, ಎದುರು ಪಕ್ಷದ ವಿದ್ಯಾರ್ಥಿನಿ ಪೆಟ್ರೋಲಿನ ಬೆಲೆಯ ಕುರಿತು ಆಡಿದ ಮಾತು ಯಾರ ಕಿವಿಗೂ ಬೀಳಲಿಲ್ಲ.

ಆ ವಿದ್ಯಾರ್ಥಿನಿ ಸೋತದ್ದು ನಮಗೆ ಸರಿತೋರಲಿಲ್ಲ. ಆಕೆ ಹಣದ ಚೀಲವೊಂದನ್ನೇ ಹಿಡಿದು ವಾದಿಸಿದಳು. ಭೌತವಿಜ್ಞಾನದ ಪುಸ್ತಕವನ್ನು ಹಿಡಿದಿದ್ದರೆ ಗೋಡೆಯ ಚಿತ್ರಕ್ಕೂ ಉತ್ತರವಿತ್ತು. ಆಕೆ ಹೇಳದೆ ಬಿಟ್ಟುದನ್ನು ಇಲ್ಲಿ ನಾವು ಹೇಳಲು ಪ್ರಯತ್ನಿಸುತ್ತೇವೆ.

ಒಂದೂವರೆ ಟನ್ ತೂಕದ ಕಾರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಒಂದೇ ಸಮನೆ ಸಾಗುತ್ತಿದೆಯೆಂದು ಭಾವಿಸೋಣ. ಚಕ್ರಗಳ ಉರುಳುವಿಕೆಗೆ ರಸ್ತೆಯೊಡ್ಡುವ ತಡೆ, ಮುಂದಿನ ಗಾಳಿಯ ತಡೆ, ಇವೆರಡನ್ನೂ ಗೆಲ್ಲಲು ಅದಕ್ಕೆ ಬೇಕಾದುದು ಐದು ಅಶ್ವಶಕ್ತಿಗಿಂತಲೂ ಕಡಮೆ! ಹೊಲದ ಬಾವಿಯ ಪಂಪ್‌ಸೆಟ್ಟಿಗೆ ಸಾಕಾಗುವಷ್ಟು ಬಲ ಕಾರಿಗೂ ಸಾಕು. ಗಂಟೆಗೆ 120 ಕಿಲೋಮೀಟರು ವೇಗಕ್ಕೂ ಸುಮಾರು 30 ಅಶ್ವಶಕ್ತಿ ಸಾಲುತ್ತದೆ. ನಮ್ಮ ದೇಶದ ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ ಕಾರುಗಳಿಗೆ 2018ರಲ್ಲಿ ಗೊತ್ತುಮಾಡಿದ ಪರಮಾವಧಿ ವೇಗವೇ ಅದು. ಹಾಗಾದರೆ 500 ಅಶ್ವಶಕ್ತಿಯ ಎಂಜಿನ್ ಏತಕ್ಕೆ? ನಿಂತಲ್ಲಿಂದ ಮೂರು ನಾಲ್ಕು ಸೆಕೆಂಡುಗಳೊಳಗೆ ನೂರರ ವೇಗವನ್ನು ಮುಟ್ಟುವುದಕ್ಕೆ, ಮತ್ತು ಕಾನೂನು ಒಪ್ಪದ ವೇಗಗಳಲ್ಲಿ ಗಾಳಿಯನ್ನು ಸೀಳುವುದಕ್ಕೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಅದು ಎಂಟು ಮಡಿ.

ಇನ್ನು ಕಲಬುರಗಿಯಿಂದ ಮಳಖೇಡದ ಮಾರ್ಗವಾಗಿ ಸೇಡಂಗೆ ಹೋಗುವ ರಸ್ತೆಯನ್ನು ನೆನೆಯಿರಿ. ಮುಂದೆ ಸಿಮೆಂಟು ತುಂಬಿದ ಬಲ್ಕರ್ ಲಾರಿ, ಅದರ ಮುಂದೆ ಫರಸಿಕಲ್ಲು ಹೇರಿದ ಲಾರಿ, ಸುಗ್ಗಿಯಲ್ಲಾದರೆ ತೊಗರಿಯ ಚೀಲಗಳನ್ನು ಹೊತ್ತ ಟ್ರ್ಯಾಕ್ಟರು. ಊರು ಬಂದಿತೆಂದರೆ ರಸ್ತೆಯುಬ್ಬು ಬಂದಿತೆಂದೇ ಅರ್ಥ. ಭಾರತೀಯ ರಸ್ತೆ ಕಾಂಗ್ರೆಸ್ಸು ಹೇಳಿದ ಉಬ್ಬಿನ ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು. ಊರವರು ತಾವೇ ಕಟ್ಟಿಕೊಂಡ ಉಬ್ಬುಗಳು ಯಾವ ಕಾಂಗ್ರೆಸ್ಸಿನ ಮಾತನ್ನೂ ಕೇಳುವುದಿಲ್ಲ. ನೆಲದಿಂದ ಕೇವಲ 11–12 ಸೆಂಟಿಮೀಟರು ಮೇಲಿರುವ ಕ್ರೀಡಾಕಾರಿನ ಹೊಟ್ಟೆಗೆ ಇಲ್ಲಿ ಏನಾಗುವುದೆಂದು ಬೇರೆ ಹೇಳಬೇಕಾಗಿಲ್ಲ. ಎಂಟು ಸಿಲಿಂಡರಿನ ಎಂಜಿನ್ ಲಾರಿಯ ಹಿಂದೆ ತೆವಳುವಾಗ ಮಾಡುವುದು ಐದು ಕುದುರೆಯ ಕೆಲಸ. ತಿನ್ನುವುದು ಮಾತ್ರ ಅದಕ್ಕಿಂತ ಎಷ್ಟೋ ಹೆಚ್ಚು. ದೊಡ್ಡ ಪೆಟ್ರೋಲ್ ಎಂಜಿನ್ನನ್ನು ಅಲ್ಪ ಹೊರೆಯಲ್ಲಿ ಓಡಿಸುವಾಗ ಗಾಳಿಯ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿರಬೇಕಾಗುತ್ತದೆ. ಆ ಕಿರಿದಾದ ಸಂದಿನಿಂದ ಗಾಳಿಯನ್ನು ಹೀರುವುದರಲ್ಲಿ, ತನ್ನದೇ ಅಂಗಾಂಗಗಳನ್ನು ಎಳೆದಾಡುವುದರಲ್ಲಿ ಶಕ್ತಿ ಸವೆದುಹೋಗುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಬ್ರೇಕಿನಲ್ಲಿದೆ. ಸೆಕೆಂಡಿಗೆ 20 ಮೀಟರು, ಎಂದರೆ ಗಂಟೆಗೆ 72 ಕಿಲೋಮೀಟರು ವೇಗದಲ್ಲಿರುವ ನಮ್ಮ ಒಂದೂವರೆ ಟನ್ ಕಾರಿನ ಚಲನಶಕ್ತಿ 300 ಕಿಲೋಜೂಲ್. ಒಂಬತ್ತನೆಯ ತರಗತಿಯ ಸೂತ್ರವನ್ನು ಬಲ್ಲವರು ಗುಣಿಸಿ ನೋಡಬಹುದು. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 32,000 ಕಿಲೋಜೂಲ್ ಶಕ್ತಿಯುಂಟು. ಅದರ ಕಾಲು ಪಾಲು ಚಕ್ರಕ್ಕೆ ತಲಪುವುದೆಂದು ಇಟ್ಟುಕೊಂಡರೆ, ಒಂದು ಬಾರಿ ಆ ವೇಗವನ್ನು ಪಡೆಯಲು 37 ಮಿಲಿಲೀಟರಿನಷ್ಟು ಪೆಟ್ರೋಲ್ ವೆಚ್ಚವಾಗುತ್ತದೆ. ಹೋಟೆಲಿನ ಅರ್ಧ ಕಪ್ಪು ಚಹದಷ್ಟೆನ್ನಿ. ಎದುರಿಗೆ ಉಬ್ಬು ಬಂದಿತು, ಬ್ರೇಕು ಒತ್ತಿ ನಿಲ್ಲಿಸಿದೆವು. ಆ ಅರ್ಧ ಕಪ್ಪು ಬ್ರೇಕಿನ ತಟ್ಟೆಗಳನ್ನು ಕಾಯಿಸಿ ಗಾಳಿಗೆ ಹೋಯಿತು. ಹೀಗೆ 27 ಬಾರಿ ನಿಂತರೆ ಒಂದು ಲೀಟರು.

ಹೀಗೆ ಗಾಳಿಗೆ ಹೋಗುವ ಶಕ್ತಿಯನ್ನು ಹಿಂದಕ್ಕೆ ಹಿಡಿಯುವ ವಿದ್ಯೆ ಈ ಸೀಮೆಗೆ ಹೊಸದೇನೂ ಅಲ್ಲ. ವಾಡಿಯಿಂದ ಸಿಕಂದರಾಬಾದಿನವರೆಗೆ 1874ರಲ್ಲಿ ನಿಜಾಮರ ಕಾಲದ ರೈಲು ಓಡತೊಡಗಿತು. ಚಿತ್ತಾಪುರ, ಸೇಡಂ ಆ ಹಾದಿಯ ಮೇಲಿವೆ. ಬಹುಕಾಲ ಅಲ್ಲಿ ಓಡಿದ ಡೀಸೆಲ್ ಎಂಜಿನ್ನುಗಳು ನಿಜವಾಗಿ ಅರ್ಧ ಹೈಬ್ರಿಡ್‌ಗಳೇ. ಡೀಸೆಲ್ ಎಂಜಿನ್ ವಿದ್ಯುಜ್ಜನಕವನ್ನು ತಿರುಗಿಸುತ್ತದೆ, ಆ ವಿದ್ಯುತ್ತು ಗಾಲಿಯ ಮೋಟಾರುಗಳನ್ನು ತಿರುಗಿಸುತ್ತದೆ. ಆದರೆ ಅವು ವೇಗವನ್ನು ತಗ್ಗಿಸುವಾಗ ಹುಟ್ಟಿದ ವಿದ್ಯುತ್ತು ರೋಧಕಗಳಲ್ಲಿ ಉರಿದು ಶಾಖವಾಗಿ ಹೋಗುತ್ತಿತ್ತು, ಏಕೆಂದರೆ ಕೂಡಿಡಲು ಸ್ಥಳವಿರಲಿಲ್ಲ. ಇಂದು ವಾಡಿಯ ಹಳಿಗಳ ಮೇಲೆ ವಿದ್ಯುತ್ತಂತಿ ಬಂದಿದೆ. ಮೂರು ಫೇಸಿನ ಹೊಸ ವಿದ್ಯುತ್ ಎಂಜಿನ್ನು ಗೂಡ್ಸ್ ಗಾಡಿಯ ವೇಗವನ್ನು ತಗ್ಗಿಸುವಾಗ ಅದರ ಮೋಟಾರುಗಳೇ ವಿದ್ಯುಜ್ಜನಕಗಳಾಗಿ ಮಾರ್ಪಟ್ಟು ಮೇಲಿನ ತಂತಿಗೆ ವಿದ್ಯುತ್ತನ್ನು ಮರಳಿ ಒಪ್ಪಿಸುತ್ತವೆ. ಒಂದು ಗಾಡಿ ನಿಲ್ಲುವುದರಿಂದ ಇನ್ನೊಂದು ಗಾಡಿ ಹೊರಡಬಹುದು.

ಸಿಮೆಂಟು ಕಾರ್ಖಾನೆಯ ಗೋಪುರವನ್ನೂ ನೋಡಿ. ಸೇಡಂ, ಮಳಖೇಡ, ವಾಡಿಗಳಲ್ಲಿ ದೂರದಿಂದಲೇ ಕಾಣುವ, ಅಂತಸ್ತಿನ ಮೇಲೆ ಅಂತಸ್ತಾಗಿ ನಿಂತ ಆ ಗೋಪುರ ಏನೆಂದು ಎಷ್ಟು ವಿದ್ಯಾರ್ಥಿಗಳು ವಿಚಾರಿಸಿದ್ದಾರೆ? ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಸುಣ್ಣಕಲ್ಲಿನ ಪುಡಿ ಬೆಂದು ಕ್ಲಿಂಕರ್ ಆಗುತ್ತದೆ. ಕುಲುಮೆಯಿಂದ ಹೊರಡುವ ಬಿಸಿಗಾಳಿಯನ್ನು ಹಾಗೆಯೇ ಚಿಮಣಿಗೆ ಬಿಡದೆ ಈ ಗೋಪುರದ ಮೂಲಕ ಮೇಲಕ್ಕೆ ಕಳುಹಿಸುತ್ತಾರೆ. ಮೇಲಿನಿಂದ ಇಳಿಯುವ ಹಸಿ ಪುಡಿ ಅದೇ ಗಾಳಿಯಲ್ಲಿ ಕಾದು ಕುಲುಮೆಗೆ ಬೀಳುತ್ತದೆ. ನೀರಿನಲ್ಲಿ ಕಲಸಿದ ಕೆಸರನ್ನು ಸುಡುತ್ತಿದ್ದ ಹಳೆಯ ವಿಧಾನಕ್ಕೆ ಹೋಲಿಸಿದರೆ ಕಲ್ಲಿದ್ದಲಿನ ಉಳಿತಾಯ ಬಹಳ. ಈ ಗೋಪುರದ ನೆರಳಿನಲ್ಲಿ ಬೆಳೆದ ಮಕ್ಕಳು ಶಾಖವನ್ನು ಪೋಲು ಮಾಡುವ ಯಂತ್ರಕ್ಕೆ ಚಪ್ಪಾಳೆ ತಟ್ಟುವುದು ನಮಗೆ ತುಸು ವಿಚಿತ್ರವಾಗಿ ಕಾಣುತ್ತದೆ.

ಹೈಬ್ರಿಡ್ ಕಾರು ಈ ಎರಡು ಉಪಾಯಗಳನ್ನೂ ಒಂದು ಕಾರಿನೊಳಗೆ ಅಡಕಮಾಡಿದೆ. ಬ್ರೇಕು ಒತ್ತಿದಾಗ ಮೋಟಾರು ವಿದ್ಯುಜ್ಜನಕವಾಗಿ ಬ್ಯಾಟರಿಯನ್ನು ತುಂಬುತ್ತದೆ. ಅರ್ಧ ಕಪ್ಪು ಚಹದ ಒಂದು ಪಾಲು ಮರಳಿ ಬರುತ್ತದೆ. ಲಾರಿಯ ಹಿಂದೆ ತೆವಳುವಾಗ, ರೈಲು ಗೇಟಿನಲ್ಲಿ ಕಾಯುವಾಗ ಬ್ಯಾಟರಿಯಲ್ಲಿ ಶಕ್ತಿಯಿರುವವರೆಗೂ ಎಂಜಿನ್ ಸುಮ್ಮನಿರುತ್ತದೆ. ಓಡುವಾಗಲೂ ಅದು ತನಗೆ ಹಿತವಾದ ಹೊರೆಯಲ್ಲೇ ಓಡುವಂತೆ ಮೋಟಾರು ಒಮ್ಮೆ ಕೈಗೂಡಿಸುತ್ತದೆ, ಒಮ್ಮೆ ಹೊರೆಯನ್ನು ಹೇರಿ ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಎಂಜಿನ್ನಿನ ಕ್ರಮವೂ ಬೇರೆ. ಜೇಮ್ಸ್ ಆಟ್ಕಿನ್ಸನ್ ಎಂಬ ಬ್ರಿಟಿಷ್ ಎಂಜಿನಿಯರು 1880ರ ದಶಕದಲ್ಲಿ ಯೋಚಿಸಿದಂತೆ, ಅನಿಲವನ್ನು ಒತ್ತುವ ದೂರಕ್ಕಿಂತ ಅದು ಹಿಗ್ಗುವ ದೂರವನ್ನು ಹೆಚ್ಚಿಸಿ, ಹೊಗೆಯೊಡನೆ ಹೊರಬೀಳುತ್ತಿದ್ದ ಒತ್ತಡದಿಂದ ಇನ್ನಷ್ಟು ಕೆಲಸವನ್ನು ಹಿಂಡಿಕೊಳ್ಳುತ್ತಾರೆ. ಇದರಿಂದ ಬಲ ಕುಗ್ಗುತ್ತದೆ. ಆ ಕೊರತೆಯನ್ನು ಮೋಟಾರು ತುಂಬುತ್ತದೆ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಪ್ರಿಯಸ್ ಕಾರು ಇದನ್ನು ಮನೆಮಾತಾಗಿಸಿತು. 2015ರ ಪ್ರಿಯಸ್ ಎಂಜಿನ್ನಿನ ಉಷ್ಣದಕ್ಷತೆ ಶೇಕಡಾ 40ನ್ನು ಮುಟ್ಟಿತು. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್, 2022ರಿಂದ ಹೈರೈಡರ್, ಗ್ರ್ಯಾಂಡ್ ವಿಟಾರಾ ಮೊದಲಾದವು ತಯಾರಾಗಿ ಬಂದಿವೆ. ಕೊನೆಯ ಎರಡಕ್ಕೆ ಪರೀಕ್ಷೆಯಲ್ಲಿ ದೊರೆತ ಅಂಕೆ ಲೀಟರಿಗೆ 27.97 ಕಿಲೋಮೀಟರು. ಅದು ಪರೀಕ್ಷಾಶಾಲೆಯ ಅಂಕೆ. ರಸ್ತೆಯ ಮೇಲೆ ಅಷ್ಟನ್ನು ನಿರೀಕ್ಷಿಸುವುದು ತರವಲ್ಲ.

ವೇಗದ ಕಾರುಗಳಿಗೂ ನ್ಯಾಯ ಸಲ್ಲಬೇಕು. ಇಂದು ಸಾಮಾನ್ಯ ಕಾರಿನಲ್ಲೂ ಇರುವ ತಟ್ಟೆ ಬ್ರೇಕು 1953ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯದಲ್ಲಿ ಜಾಗ್ವಾರ್ ಕಾರುಗಳ ಗೆಲುವಿನಿಂದ ತನ್ನ ಯೋಗ್ಯತೆಯನ್ನು ತೋರಿಸಿಕೊಂಡಿತು. ಬ್ರೇಕಿನ ಶಕ್ತಿಯನ್ನು ಕೂಡಿಡುವ ಏರ್ಪಾಡು ಫಾರ್ಮುಲಾ ಒನ್ ಪಂದ್ಯಕ್ಕೆ 2009ರಲ್ಲಿ ಬಂದಿತು. 2017ರಲ್ಲಿ ಮರ್ಸಿಡಿಸ್ ತಂಡವು ಪರೀಕ್ಷಾ ಪೀಠದ ಮೇಲೆ ತನ್ನ ಎಂಜಿನ್ನು ಶೇಕಡಾ 50ರ ದಕ್ಷತೆಯನ್ನು ದಾಟಿತೆಂದು ಸಾರಿತು. ಇನ್ನೂ ಸ್ವಾರಸ್ಯದ ಸಂಗತಿಯುಂಟು. ಮೊದಲ ಹೈಬ್ರಿಡ್ ಕಾರುಗಳಲ್ಲೊಂದನ್ನು 1900ರ ಸುಮಾರಿನಲ್ಲಿ ಕಟ್ಟಿದವರು ಫರ್ಡಿನಾಂಡ್ ಪೋರ್ಷೆ. ಗೋಡೆಯ ಚಿತ್ರಗಳಲ್ಲಿ ಇಂದು ಮೆರೆಯುವುದು ಅದೇ ಹೆಸರು! ಫೆರಾರಿಯವರು 2019ರಲ್ಲಿ ಹೊರತಂದ ಸಾವಿರ ಅಶ್ವಶಕ್ತಿಯ ಕಾರು ಸಹ ಹೈಬ್ರಿಡ್ಡೇ. ಆದುದರಿಂದ ಅಂದಿನ ಚರ್ಚೆಯ ವಿಷಯವನ್ನೇ ಬೇರೆ ಬಗೆಯಲ್ಲಿ ಇಡಬೇಕಾಗಿತ್ತೆಂದು ನಮಗನ್ನಿಸುತ್ತದೆ. ಯಂತ್ರ ಒಂದೇ, ಅದನ್ನು ಯಾವುದಕ್ಕೆ ದುಡಿಸಬೇಕು ಎಂಬುದಷ್ಟೇ ಪ್ರಶ್ನೆ.

ಹೈಬ್ರಿಡ್ಡಿನ ಕುಂದುಗಳನ್ನು ಮರೆಮಾಚುವುದು ಸಲ್ಲದು. ಬೆಲೆ ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಲಕ್ಷಗಳ ಲೆಕ್ಕದಲ್ಲಿ ಹೆಚ್ಚು. ತಡೆಯಿಲ್ಲದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವವರಿಗೆ ಅದರ ಲಾಭ ತೀರ ತಗ್ಗುತ್ತದೆ. ಬ್ರೇಕೇ ಒತ್ತದವನಿಗೆ ಮರಳಿ ಪಡೆಯುವುದೇನಿದೆ? ಈ ಸೀಮೆಯವರು ವಿಶೇಷವಾಗಿ ಗಮನಿಸಬೇಕಾದುದು ಧೂಳು. ಬ್ಯಾಟರಿಯನ್ನು ತಂಪಾಗಿಡಲು ಇಂಥ ಹಲವು ಕಾರುಗಳಲ್ಲಿ ಹಿಂದಿನ ಆಸನದ ಬಳಿ ಗಾಳಿಯ ಕಂಡಿಯಿದೆ, ಅದಕ್ಕೊಂದು ಜಾಲರಿ. ಶಹಾಬಾದಿನ ಕಲ್ಲಿನ ಧೂಳು, ವಾಡಿಯ ಸಿಮೆಂಟಿನ ಧೂಳು ಅದನ್ನು ಮುಚ್ಚಿದರೆ, ಬೇಸಗೆಯ ಉರಿಯಲ್ಲಿ ಬ್ಯಾಟರಿ ಬಸವಳಿಯುತ್ತದೆ. ಜಾಲರಿಯನ್ನು ಆಗಾಗ ತೆಗೆದು ಶುಚಿಮಾಡಿಸುವುದು ಅಗತ್ಯ. ಕಿತ್ತಳೆ ಬಣ್ಣದ ಹೊದಿಕೆಯ ತಂತಿಗಳಲ್ಲಿ ಪ್ರಾಣಾಪಾಯದ ವಿದ್ಯುತ್ತಿರುವುದರಿಂದ ತರಬೇತಿಯಿಲ್ಲದ ಮೇಸ್ತ್ರಿ ಅವುಗಳನ್ನು ಮುಟ್ಟಬಾರದು.

ಆದರೂ ಇವು ನಿಭಾಯಿಸಬಹುದಾದ ಕುಂದುಗಳು. ನಮ್ಮ ಪರಿಚಯದ, ಕಲ್ಲಿನ ವ್ಯಾಪಾರದ ಗೃಹಸ್ಥರೊಬ್ಬರು ಹೈದರಾಬಾದಿನಿಂದ ಹಳೆಯ ಐಷಾರಾಮಿ ಕಾರೊಂದನ್ನು ಅಗ್ಗವೆಂದು ತಂದರು. ಚಿಂಚೋಳಿಯ ಹಾದಿಯಲ್ಲಿ ಒಂದು ತಗ್ಗು ಅದರ ತೆಳುವಾದ ಟಯರನ್ನೂ ಗಾಲಿಯ ಅಂಚನ್ನೂ ಒಟ್ಟಿಗೆ ತೆಗೆದುಕೊಂಡಿತು. ಬಿಡಿಭಾಗ ಬರುವವರೆಗೆ ಕಾರು ಅಂಗಳದಲ್ಲಿ ತಾಡಪತ್ರಿಯ ಕೆಳಗೆ ವಿಶ್ರಮಿಸಿತು. ಅದರ ಮೇಲೆ ಕೋಳಿಗಳು ಮಲಗುತ್ತಿದ್ದವು.

ವರ್ಷಕ್ಕೆ 12,000 ಕಿಲೋಮೀಟರು ಓಡಿಸುವವನು ಲೀಟರಿಗೆ 10 ಕಿಲೋಮೀಟರಿನ ಕಾರನ್ನು ಬಿಟ್ಟು 24ರದನ್ನು ಹಿಡಿದರೆ 700 ಲೀಟರು ಪೆಟ್ರೋಲು ಉಳಿಯುತ್ತದೆ. ಲೀಟರೊಂದಕ್ಕೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಎಂದರೆ 1.6 ಟನ್; ಮೂರೂವರೆ ಟನ್‌ಗೂ ಹೆಚ್ಚು ಸುಣ್ಣಕಲ್ಲನ್ನು ಸುಟ್ಟಾಗ ಆ ಕಲ್ಲಿನಿಂದ ಹೊರಬೀಳುವಷ್ಟು. ಆ ವಿದ್ಯಾರ್ಥಿನಿ ಮುಂದಿನ ಕೂಟದಲ್ಲಿ ಈ ಅಂಕೆಗಳನ್ನು ಬಳಸಿಕೊಂಡರೆ ನಮ್ಮ ಅಭ್ಯಂತರವಿಲ್ಲ.

ನಮ್ಮ ವಾಚಕರಲ್ಲಿ ಹೆಚ್ಚಿನವರು ಸದ್ಯಕ್ಕೆ ಎರಡರಲ್ಲಿ ಯಾವ ಕಾರನ್ನೂ ಕೊಳ್ಳರು, ಸಾರಿಗೆ ಬಸ್ಸಿನಲ್ಲೇ ಹೋಗುವರು. ಅಲ್ಲಿಯೂ ಪ್ರಯೋಗಕ್ಕೆ ಎಡೆಯುಂಟು. ಸೇಡಂನಿಂದ ಕಲಬುರಗಿಗೆ ಹೋಗುವಾಗ ಚಾಲಕರ ಹಿಂದಿನ ಆಸನದಲ್ಲಿ ಕುಳಿತು, ಬಸ್ಸು ಎಷ್ಟು ಬಾರಿ ಪೂರ್ತಿ ನಿಂತಿತೆಂದು ಎಣಿಸಿ. ತುಂಬಿದ ಬಸ್ಸಿನ ತೂಕ 12 ಟನ್, ನಿಲ್ಲುವ ಮೊದಲಿನ ವೇಗ ಗಂಟೆಗೆ 54 ಕಿಲೋಮೀಟರು ಎಂದು ಹಿಡಿದರೆ ಒಂದೊಂದು ನಿಲುಗಡೆಗೂ 1350 ಕಿಲೋಜೂಲ್ ಬ್ರೇಕಿನ ಪಾಲಾಗುತ್ತದೆ. ಮೊತ್ತವೆಷ್ಟಾಯಿತೆಂದು ನಮಗೆ ಬರೆದು ತಿಳಿಸಿ.