ಟರ್ಬೊಗೆ ಕೈ ಹಾಕುವ ಮೊದಲು ಸೋಪುನೀರು

ಸಂಪಾಜೆ ಘಾಟಿ ಹತ್ತುವಾಗ ಕಾರು ಎಳೆಯುವುದಿಲ್ಲ, ಬಾನೆಟ್ಟಿನ ಒಳಗೆಲ್ಲೋ ಬುಸ್ ಅಂತ ಸದ್ದು, ಹಿಂದೆ ಕಪ್ಪು ಹೊಗೆ. "ಟರ್ಬೊ ಹೋಗಿದೆ ಸಾರ್, ಹೊಸತು ಹಾಕ್ಬೇಕು." ಇಷ್ಟು ಕೇಳಿದ್ದೇ ತಡ, ಹತ್ತಾರು ಸಾವಿರದ ಎಸ್ಟಿಮೇಟಿಗೆ ಸಹಿ ಹಾಕಿ ಬರುವವರು ಯಾರು? ಆಫೀಸಿನಲ್ಲಿ ದಿನವಿಡೀ "ರೂಟ್ ಕಾಸ್ ಎಂತದು?" ಅಂತ ಪಕ್ಕದವನ ಜೀವ ತಿನ್ನುವ ನೀವೇ, ಮಾರಾಯ್ರೆ. ಸರ್ವರ್ ಬಿದ್ದರೆ ಲಾಗ್ ನೋಡುವವರು ಕಾರು ನಿಂತರೆ ಜ್ಯೋತಿಷ್ಯ ಕೇಳುವುದು ಯಾಕೆ?

ಟರ್ಬೊ ಅಂದರೆ ದೊಡ್ಡ ಮಂತ್ರವಿದ್ಯೆ ಏನೂ ಅಲ್ಲ. ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆಯ ರಭಸದಲ್ಲಿ ಒಂದು ಚಕ್ರ ತಿರುಗುತ್ತದೆ, ಅದೇ ದಂಡಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತುತ್ತದೆ. ಒತ್ತಿ ಬಿಸಿಯಾದ ಗಾಳಿ ಇಂಟರ್‌ಕೂಲರಿನಲ್ಲಿ ತಣಿದು ಎಂಜಿನ್ನಿಗೆ ಹೋಗುತ್ತದೆ. ಈ ದಾರಿಯಲ್ಲಿರುವುದು ರಬ್ಬರ್ ಹೋಸು, ಪ್ಲಾಸ್ಟಿಕ್ ಪೈಪು, ಕ್ಲಾಂಪು. ಒಂದು ಕ್ಲಾಂಪ್ ಸಡಿಲವಾದರೂ ಸಾಕು, ಟರ್ಬೊ ದುಡಿದದ್ದು ಬಯಲಿಗೆ ಹೋಯಿತು. ಏರ್‌ಫ್ಲೋ ಸೆನ್ಸರ್ ಇರುವ ಪೆಟ್ರೋಲ್ ಕಾರುಗಳಲ್ಲಿ ಇನ್ನೊಂದು ತಮಾಷೆ ಉಂಟು: ಸೆನ್ಸರ್ ಮೊದಲೇ ಗಾಳಿಯ ಲೆಕ್ಕ ಬರೆದುಕೊಂಡಿರುತ್ತದೆ, ಅಷ್ಟಕ್ಕೂ ಪೆಟ್ರೋಲ್ ಬೀಳುತ್ತದೆ, ಗಾಳಿ ಮಾತ್ರ ದಾರಿಯಲ್ಲೇ ತಪ್ಪಿಸಿಕೊಂಡಿದೆ.

ಸ್ಕ್ಯಾನರ್ ಹಾಕಿದರೆ "ಪಿ0299" ಬರಬಹುದು. ಅದರ ಅರ್ಥ ಕೇಳಿದಷ್ಟು ಒತ್ತಡ ಬರುತ್ತಿಲ್ಲ, ಅಷ್ಟೆ. ಥರ್ಮಾಮೀಟರ್ ಜ್ವರ ಉಂಟು ಅನ್ನುತ್ತದೆ, ಡೆಂಗ್ಯೂ ಅನ್ನುವುದಿಲ್ಲ.

ಈಗ ನಮ್ಮ ಮರ್ಕಂಜದ ಯಾವುದಾದರೂ ತೋಟಕ್ಕೆ ಬನ್ನಿ. ಅಡಿಕೆಗೆ ಮದ್ದು ಬಿಡುವಾಗ ಪ್ರೆಷರ್ ಕಡಿಮೆಯಾದರೆ ಯಾರಾದರೂ ಹೊಸ ಪಂಪು ತರಲು ಸುಳ್ಯಕ್ಕೆ ಓಡುತ್ತಾರಾ? ಮೊದಲು ಹೋಸಿನ ಉದ್ದಕ್ಕೂ ನಡೆದು ಜಾಯಿಂಟ್ ಮುಟ್ಟಿ ನೋಡುತ್ತಾರೆ. ಗೋಬರ್ ಗ್ಯಾಸ್ ಪೈಪಿಗೆ ಸೋಪುನೊರೆ ಹಚ್ಚಿ ಗುಳ್ಳೆ ಏಳುತ್ತದಾ ಅಂತ ನೋಡುತ್ತಾರೆ. ಕಾರಿಗೂ ಇದೇ ವಿದ್ಯೆ ಸಾಕು. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಟರ್ಬೊ ಗಾಳಿ ಎಳೆಯುವ ಬಾಯಿಗೆ ಟಯರಿನ ವಾಲ್ವ್ ಕೂರಿಸಿದ ಒಂದು ಮುಚ್ಚಳ ಬಿಗಿದು, ರೆಗ್ಯುಲೇಟರ್ ಇರುವ ಕಂಪ್ರೆಸರಿನಿಂದ ಮೆಲ್ಲ ಗಾಳಿ ಬಿಡಬೇಕು. ಐದು ಪಿಎಸ್‌ಐಯಿಂದ ಶುರು, ಹೆಚ್ಚಿನ ಕಾರುಗಳಿಗೆ ಹತ್ತರಿಂದ ಹದಿನೈದು ಧಾರಾಳ. ಮೀರಿದರೆ ಹೋಸು ಹಾರೀತು. ಮತ್ತೆ ಪ್ರತಿ ಜಾಯಿಂಟಿಗೆ ಸೋಪುನೀರು. ಪಿಸ್ಟನ್ ರಿಂಗಿನ ಸಂದಿಯಿಂದ ಚೂರು ಗಾಳಿ ಹೋಗಿಯೇ ಹೋಗುತ್ತದೆ, ಆಯಿಲ್ ಮುಚ್ಚಳದ ಕಡೆ ಸಣ್ಣ ಸದ್ದು ಬಂದರೆ ಹೆದರುವುದು ಬೇಡ. ಹೋಸಿನ ಮೇಲೆ ಎಣ್ಣೆ ಜಿನುಗಿ ಧೂಳು ಅಂಟಿದ ಜಾಗ ಕಂಡರೆ ಮೊದಲ ಅನುಮಾನ ಅಲ್ಲೇ. ನಮ್ಮಲ್ಲಿ ಮಳೆಗಾಲ ಶೆಡ್ಡಿನಲ್ಲಿ ನಿಂತ ಕಾರಾದರೆ ಇಲಿ ಕಡಿದದ್ದೂ ಇರಬಹುದು.

ಸಿಕ್ಕಿದ ಮೇಲೆ ಎಂ-ಸೀಲು, ಟೇಪು ಸುತ್ತುವ ಕೆಲಸ ಬೇಡ. ಬಿಸಿಗೂ ಒತ್ತಡಕ್ಕೂ ಅದು ನಿಲ್ಲುವುದಿಲ್ಲ. ಬಿರಿದ ಹೋಸು ಬದಲಿಸಿ. ಸಡಿಲವಾದದ್ದಾದರೆ ಎಣ್ಣೆ ಒರೆಸಿ, ಪೂರ್ತಿ ಒಳಗೆ ಕೂರಿಸಿ ಹೊಸ ಕ್ಲಾಂಪ್ ಹಾಕಿ. ಗಾಯವಾಗುವಷ್ಟು ಬಿಗಿದರೆ ರಬ್ಬರೇ ಕತ್ತರಿಸಿ ಹೋಗುತ್ತದೆ.

ಟರ್ಬೊ ಸಾಯುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ದಂಡು ಅಲ್ಲಾಡಿದರೆ, ಎಣ್ಣೆ ಸುರಿದರೆ ಬದಲಿಸಲೇಬೇಕು. ಆಗಲೂ ಎಣ್ಣೆ ಸರಿಯಾಗಿ ಬರುತ್ತಿತ್ತಾ ಅಂತ ನೋಡದಿದ್ದರೆ ಹೊಸತೂ ಅದೇ ದಾರಿ ಹಿಡಿಯುತ್ತದೆ.

"ಊರಿನ ಗ್ಯಾರೇಜಿನವರಿಗೆ ಇದೆಲ್ಲ ಎಲ್ಲಿ ಗೊತ್ತು" ಅನ್ನುವವರಿಗೆ ಒಂದು ಮಾತು. ಬಿಡಿಭಾಗ, ಡಯಾಗ್ನೋಸ್ಟಿಕ್ ಸಾಧನಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೇ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತ್ತು. ದಂಡದ ಮೇಲೆ ಅಪೀಲು, ಕೋರ್ಟು ಆಮೇಲೂ ನಡೆಯಿತು, ಅದು ಬೇರೆ ಕತೆ. ಗೊತ್ತಾಗದ ಹಾಗೆ ಬಾಗಿಲು ಹಾಕಿ, ಮತ್ತೆ ಗೊತ್ತಿಲ್ಲ ಅಂತ ನಗುವುದು ಯಾವ ನ್ಯಾಯ?

ಹಾಗಾಗಿ ಮುಂದಿನ ಸಲ ಎಸ್ಟಿಮೇಟ್ ಕೈಗೆ ಬಂದಾಗ ಒಂದೇ ಪ್ರಶ್ನೆ ಕೇಳಿ: "ಲೀಕ್ ಟೆಸ್ಟ್ ಮಾಡಿದ್ರಾ? ಎಷ್ಟು ಪ್ರೆಷರಿಗೆ?" ಉತ್ತರದ ಬದಲು ಮ್ಯಾನೇಜರನ್ನು ಕರೆಯಲು ಹೋದರೆ, ಕೀ ವಾಪಸ್ ತೆಗೆದುಕೊಳ್ಳಿ.