ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ?

ಸರಕಾರವು 2024ರಲ್ಲಿ ಪಹಣಿಗಳಿಗೆ ಆಧಾರ್ ಜೋಡಿಸಲು ಹೊರಟಾಗ, ರಾಜ್ಯದಲ್ಲಿ ಲಕ್ಷಗಟ್ಟಲೆ ಜಮೀನುಗಳು ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇರುವುದು ಎದ್ದು ಕಂಡಿತು. ಅದಕ್ಕೆಂದೇ 2025ರಲ್ಲಿ ಇ-ಪೌತಿ ಆಂದೋಲನ ಆರಂಭವಾಯಿತು. ತಿಕೋಟಾ ತಾಲೂಕಿನ ಘೋಣಸಗಿಯಂಥ ಊರುಗಳ ರೈತರಿಗೆ ಇದು ಅನುಕೂಲದ ಸಂಗತಿಯೇ. ಆದರೆ ಅವಸರದಲ್ಲಿ ವಾರಸಾ ಬರೆಸಿ ಮುಂದೆ ಕೋರ್ಟು ಹತ್ತುವ ಭಯವೂ ಇದೆ.

ಮಾಲೀಕರು ತೀರಿಕೊಂಡರೆ ಮೂರು ತಿಂಗಳೊಳಗೆ ವರದಿ ಕೊಡಬೇಕೆಂದು 1964ರ ಭೂ ಕಂದಾಯ ಕಾಯದೆಯ 128ನೇ ಕಲಮು ಹೇಳುತ್ತದೆ. ನಮ್ಮಲ್ಲಿ ಮೂರು ತಲೆಮಾರು ಕಳೆದರೂ ಕೊಡುವುದಿಲ್ಲ. ಉಳುಮೆಗೆ ಉತಾರ ಬೇಡವಲ್ಲ! ಸೊಸಾಯಿಟಿಯ ಸಾಲ ಬೇಕಾದಾಗ, ಕಾಲುವೆಗೆ ಹೋದ ಹೊಲಕ್ಕೆ ಪರಿಹಾರ ಬಂದಾಗ ಓಡಾಟ ಶುರುವಾಗುತ್ತದೆ.

ಆ ಹೊತ್ತಿಗೆ ಅಣ್ಣತಮ್ಮಂದಿರು ಕೂಡಿ ತಮ್ಮ ಹೆಸರಷ್ಟೇ ಬರೆಸುತ್ತಾರೆ. ಲಗ್ನವಾಗಿ ಹೋದ ಅಕ್ಕತಂಗಿಯರು ವಂಶಾವಳಿಯಿಂದಲೇ ಮಾಯ. ಇಲ್ಲಿಯೇ ತಪ್ಪುವುದು. ಉತಾರದಲ್ಲಿ ಹೆಸರು ಬಂದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಬಿಟ್ಟುಹೋದರೆ ಹಕ್ಕು ಸಾಯುವುದೂ ಇಲ್ಲ. ಅದು ಕಂದಾಯದ ದಾಖಲೆ ಮಾತ್ರ. ಉಯಿಲು ಬರೆಯದೆ ತೀರಿಕೊಂಡವನ ಸ್ವಂತ ಜಮೀನಿಗೆ ಹೆಂಡತಿ, ಗಂಡು ಹೆಣ್ಣು ಮಕ್ಕಳು ಮತ್ತು ಬದುಕಿದ್ದರೆ ಅವನ ತಾಯಿ ಸಮಾನ ವಾರಸುದಾರರೆಂದು 1956ರ ಹಿಂದೂ ಉತ್ತರಾಧಿಕಾರ ಕಾಯದೆ ಹೇಳುತ್ತದೆ. ತಾಯಿಯನ್ನು ಮರೆಯುವವರೇ ಹೆಚ್ಚು. ಪಿತ್ರಾರ್ಜಿತ ಜಮೀನಿನಲ್ಲಿಯೂ 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಅಂದು ತಂದೆ ಜೀವಂತ ಇರಬೇಕಾಗಿರಲಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಾಟ್ನಿಗಳಿಗೆ ಇದು ತಗಲುವುದಿಲ್ಲ. ಮುಸ್ಲಿಂ ಮನೆತನಗಳ ಪಾಲಿನ ಲೆಕ್ಕ ಬೇರೆ.

"ತಂಗಿ ತನಗೆ ಬೇಡವೆಂದಿದ್ದಾಳೆ" ಎನ್ನುವವರು ಉಂಟು. ಬಾಯಿಮಾತು, ಸಾದಾ ಕಾಗದದ ಸಹಿ ನಿಲ್ಲುವುದಿಲ್ಲ. ಒಪ್ಪಿಗೆ ಇದ್ದರೆ ಸಬ್ ರಜಿಸ್ಟ್ರಾರ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ಕುಂಕುಮಕ್ಕೆ, ಸೀರೆಗೆ ಕರೆದಾಗ ಸಹಿ ಪಡೆಯುವ ಚಾಲಿ ಇನ್ನಾದರೂ ಬಿಡುವುದು ಲೇಸು.

ಆದ್ದರಿಂದ ಮೊದಲು ಎಲ್ಲ ವಾರಸುದಾರರ ಹೆಸರಿನಲ್ಲಿ ಜಂಟಿ ಖಾತೆ ಮಾಡಿಸಿರಿ. ವಾಟ್ನಿಯನ್ನು ಆಮೇಲೆ ನಿಧಾನವಾಗಿ ಕುಳಿತು ಮಾಡಿಕೊಳ್ಳಬಹುದು. ಮರಣ ದಾಖಲೆ, ವಂಶಾವಳಿ, ಉತಾರ, ಎಲ್ಲರ ಆಧಾರ್ ಜೋಡಿಸಿಟ್ಟುಕೊಳ್ಳಿರಿ. ಸಾವನ್ನು 21 ದಿನಗಳೊಳಗೆ ನೋಂದಾಯಿಸದೆ ವರ್ಷ ದಾಟಿದ್ದರೆ ಅಧಿಕಾರಿಯ ಆದೇಶ ತರಬೇಕಾಗುತ್ತದೆ. ಚಾವಡಿಗೆ ಹಚ್ಚಿದ ನೋಟೀಸನ್ನು ಓದಿ, ಹೆಸರು ಬಿಟ್ಟಿದ್ದರೆ ಅವಧಿಯೊಳಗೆ ಲಿಖಿತ ತಕರಾರು ಕೊಟ್ಟು ಪಾವತಿ ಪಡೆಯಿರಿ. ತಹಶೀಲದಾರರ ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ವಿಜಯಪುರದ ಉಪವಿಭಾಗಾಧಿಕಾರಿಗಳಲ್ಲಿ; ಹಕ್ಕಿನ ತಂಟೆಯಾದರೆ ಸಿವಿಲ್ ಕೋರ್ಟಿನಲ್ಲಿ.